ನನ್ನ ಕ್ಲಿಪ್ ಮುಟ್ಟಿದ್ದು ಯಾರು?

"ನನ್ನ ಕ್ಲಿಪ್ ಮುಟ್ಟಿದ್ದು ಯಾರು? ಈಗಲೇ ಹೇಳ್ಬೇಕು!"

ಸಿಡುಕಿ ಹಾಸ್ಟೆಲಿನ ಮೆಟ್ಟಿಲ ಬುಡದಲ್ಲಿ ನಿಂತು ಕಿರುಚಿದಳು. ತಿಂಡಿಗೆ ಹೊರಟಿದ್ದ ಹುಡುಗಿಯರೆಲ್ಲ ಮೆಟ್ಟಿಲ ಮೇಲೆ ನಿಂತಲ್ಲೇ ನಿಂತರು. ಸಿಡುಕಿ ಅಂತ ಅವಳಿಗೆ ಹೆಸರಿಟ್ಟಿದ್ದು ಅವಳ ಅಜ್ಜಿ. ಅಜ್ಜಿಗೆ ಮೊಮ್ಮಗಳ ಬಗ್ಗೆ ಯಾವ ತಪ್ಪು ಕಲ್ಪನೆಯೂ ಇರಲಿಲ್ಲ.

ಅವಳೆದುರು ಗೋಡೆಯ ಮೇಲೆ ಒಂದು ಬೋರ್ಡು. ಅದರಲ್ಲಿ ಮೂರು ಪಟ್ಟಿ: ಹಸಿರು, ಹಳದಿ, ಕೆಂಪು. ಬೆಳಿಗ್ಗೆ ಕೆಳಗೆ ಬಂದವರೆಲ್ಲ ತಮ್ಮ ತಮ್ಮ ಕ್ಲಿಪ್ಪನ್ನು ಯಾವುದಾದರೂ ಒಂದು ಬಣ್ಣಕ್ಕೆ ಸಿಕ್ಕಿಸಬೇಕು. ಬಟ್ಟೆ ಒಣಹಾಕುವ ಮರದ ಕ್ಲಿಪ್ಪೇ ಅದು, ಮೇಲೆ ಅವರವರೇ ಬರೆದ ಚಿತ್ರ. ಚೆನ್ನಾಗಿದ್ದೀನಿ ಅನ್ನುವವರು ಹಸಿರಿಗೆ. ಅಷ್ಟಕ್ಕಷ್ಟೆ ಅನ್ನುವವರು ಹಳದಿಗೆ. ಚೆನ್ನಾಗಿಲ್ಲ ಅನ್ನುವವರು ಕೆಂಪಿಗೆ.

ಯೋಚನೆಯೇನೋ ಒಳ್ಳೆಯದೇ. ಆದರೆ ಹಳದಿಗೋ ಕೆಂಪಿಗೋ ಹಾಕಿದರೆ ವಾರ್ಡನ್ ಆಂಟಿ ಸರಿಯಾಗಿ ಆಟದ ಹೊತ್ತಿಗೇ ಕರೆಯುತ್ತಿದ್ದರು. ಮೆತ್ತನೆ ದಿಂಬುಗಳ ಕೋಣೆಯಲ್ಲಿ ಕೂರಿಸಿ, "ಏನಾಯ್ತು ಪುಟ್ಟಾ?" ಅಂತ ಕೇಳುತ್ತಿದ್ದರು. ಆಟ ಬಿಟ್ಟು ದಿಂಬಿನ ಮೇಲೆ ಕೂರುವುದು ಯಾರಿಗೆ ಬೇಕು? ಹಾಗಾಗಿ ಹೊಟ್ಟೆ ನೋಯುತ್ತಿದ್ದರೂ ಹಸಿರು. ಮನೆ ನೆನಪಾಗಿ ಅತ್ತು ಕಣ್ಣು ಊದಿದ್ದರೂ ಹಸಿರು. "ಇವತ್ತೂ ಎಲ್ಲಾ ಹಸಿರು!" ಅಂತ ಆಂಟಿ ದಿನಾ ಹಿಗ್ಗುತ್ತಿದ್ದರು. ದೊಡ್ಡವರನ್ನು ಖುಷಿಪಡಿಸುವುದು ಅಷ್ಟು ಸುಲಭ.

ಇವತ್ತು ಆ ಹಸಿರಿನ ಸಾಲಿನಿಂದ ಒಂದು ಕ್ಲಿಪ್ಪು ಹೋಗಿ ಕೆಂಪಿನಲ್ಲಿ ಕೂತಿತ್ತು. ಅದರ ಮೇಲೆ ಗೋಲ್‌ಕೀಪರಿನ ಕೈಗವಸಿನ ಚಿತ್ರ. ಸಿಡುಕಿಯದೇ.

"ಇಲ್ಲಿ ಬರ್ದಿಲ್ವಾ?" ಸಿಡುಕಿ ಬೋರ್ಡಿನ ಪಕ್ಕದ ಚೌಕಟ್ಟನ್ನು ಎಡಗೈಯಿಂದ ಬಡಿದಳು. ಅದರೊಳಗೆ ಹಾಸ್ಟೆಲಿನ ನಿಯಮಗಳಿದ್ದವು. "ಇನ್ನೊಬ್ಬರ ವಸ್ತುವನ್ನು ಕೇಳದೆ ಮುಟ್ಟಬಾರದು! ಯಾರಿಗೂ ಓದಕ್ಕೆ ಬರಲ್ವಾ?"

ಹುಡುಗಿಯರ ಹಿಂದಿನಿಂದ ಒಂದು ಸಣ್ಣ ದನಿ ಬಂತು.

"ನಾನು."

ಗುಬ್ಬಿ! ಸಿಡುಕಿಯ ರೂಮ್‌ಮೇಟು. ಅವಳ ಒಬ್ಬಳೇ ಒಬ್ಬಳು ಜೀವದ ಗೆಳತಿ. ಆ ಸ್ಕೂಲಿನಲ್ಲಿ ಎಷ್ಟೋ ದೇಶದ ಮಕ್ಕಳಿದ್ದರು. ಹಗಲೆಲ್ಲ ಇಂಗ್ಲಿಷಿನಲ್ಲಿ ಮಾತಾಡಿದರೂ ಸಿಟ್ಟು ಬಂದಾಗ ಎಲ್ಲರೂ ಅವರವರ ಮನೆ ಮಾತಿನಲ್ಲೇ ಬೈಯುತ್ತಿದ್ದರು. ಸಿಡುಕಿ ಬೈದರೆ ಅರ್ಥವಾಗುತ್ತಿದ್ದದ್ದು ಗುಬ್ಬಿಗೆ ಮಾತ್ರ. ಹಾಗಾಗಿಯೇ ಇಬ್ಬರೂ ಅಂಟಿಕೊಂಡಿದ್ದು.

"ನೀನಾ?" ಸಿಡುಕಿ ಗರ್ರನೆ ಅವಳ ಕಡೆ ತಿರುಗಿದಳು. "ಯಾರಿಗೂ ಹೇಳಲ್ಲ ಅಂತ ಆಣೆ ಮಾಡಿದ್ದೆ ನೀನು!"

"ಹೇಳಿಲ್ವಲ್ಲ," ಅಂದಳು ಗುಬ್ಬಿ, ನೆಲ ನೋಡುತ್ತಾ. "ಕ್ಲಿಪ್ ಎತ್ತಿಟ್ಟೆ ಅಷ್ಟೆ. ಮತ್ತೆ... ನೀನು ಓದಿದ್ಯಲ್ಲ, ಅದರ ಕೆಳಗಡೆದೂ ಓದು."

ಕೆಳಗೆ ಬರೆದಿತ್ತು: ಗೆಳತಿಯ ಬಗ್ಗೆ ಚಿಂತೆಯಾದರೆ ದೊಡ್ಡವರಿಗೆ ತಿಳಿಸಬೇಕು.

ಸಿಡುಕಿಗೆ ಆ ಚೌಕಟ್ಟನ್ನು ಕಿತ್ತು ಎಸೆಯಬೇಕು ಅನ್ನಿಸಿತು. ಅಷ್ಟರಲ್ಲಿ ವಾರ್ಡನ್ ಆಂಟಿ ಬಂದರು. ಕೆಂಪು ನೋಡಿದರು. ಸಿಡುಕಿಯನ್ನು ನೋಡಿದರು. ಬಿಸಿಲಿನಲ್ಲೂ ಅವಳು ಉದ್ದ ತೋಳಿನ ಜಾಕೆಟ್ ಹಾಕಿಕೊಂಡಿದ್ದನ್ನು ಅವರು ಈಗಷ್ಟೇ ಗಮನಿಸಿದ ಹಾಗಿತ್ತು.

"ಕೈ ತೋರ್ಸು ಪುಟ್ಟಾ."

"ಏನೂ ಆಗಿಲ್ಲ ಆಂಟಿ."

"ಆ ಕೈ ಅಲ್ಲ. ಇನ್ನೊಂದು."

ಆಂಟಿ ಮಣಿಕಟ್ಟು ಮುಟ್ಟಿದ್ದೇ ತಡ, ಸಿಡುಕಿ "ಅಮ್ಮಾ!" ಅಂದುಬಿಟ್ಟಳು. ಬಲಗೈ ಊದಿ ಬನ್ನಿನ ಹಾಗಾಗಿತ್ತು. ಪ್ರಾಕ್ಟೀಸಿನಲ್ಲಿ ಬಾಲಿಗೆ ಹಾರಿ ಬಿದ್ದಾಗಿನ ಪೆಟ್ಟು. ಅವತ್ತಿನಿಂದ ಅವಳ ಶೂ ಲೇಸು ಕಟ್ಟುತ್ತಿದ್ದದ್ದು ಗುಬ್ಬಿ, ಜಡೆ ಹಾಕುತ್ತಿದ್ದದ್ದು ಗುಬ್ಬಿ, ಬ್ಯಾಗು ಹೊರುತ್ತಿದ್ದದ್ದು ಗುಬ್ಬಿ.

"ಆಸ್ಪತ್ರೆಗೆ ಹೋಗೋಣ, ನಡಿ," ಅಂದರು ಆಂಟಿ. "ಶನಿವಾರದ ಮ್ಯಾಚು ಮರ್ತುಬಿಡು."

"ಆಂಟಿ ಪ್ಲೀಸ್! ಅಪ್ಪ ಬರ್ತಿದಾರೆ!"

"ಗೊತ್ತು ಪುಟ್ಟಾ. ಆದ್ರೆ ಈ ಕೈಯಲ್ಲಿ ಆಗಲ್ಲ."

ಸಿಡುಕಿಯ ಅಪ್ಪನದು ಬೇಕರಿ. ಹಬ್ಬವಿರಲಿ ಜ್ವರವಿರಲಿ, ಅಪ್ಪ ಒಂದು ದಿನವೂ ಬೇಕರಿ ಮುಚ್ಚಿದವರಲ್ಲ. ಹಾಗಾಗಿ ಸಿಡುಕಿ ಗೋಲಿನ ಮುಂದೆ ನಿಂತಿದ್ದನ್ನು ಅವರು ಒಮ್ಮೆಯೂ ನೋಡಿರಲಿಲ್ಲ. ಈ ಶನಿವಾರ ಮಾತ್ರ ಬಾಗಿಲಿಗೆ ಬೀಗ ಹಾಕಿ ರೈಲು ಹತ್ತಿ ಬರುತ್ತಿದ್ದರು. ಈಗ ಏನು ನೋಡಬೇಕು ಅವರು? ಮಗಳು ಬೆಂಚಿನ ಮೇಲೆ ಕೂತಿರುವುದನ್ನೇ?

"ಚಾಡಿಕೋರಿ!" ಸಿಡುಕಿ ಗುಬ್ಬಿಯ ಮುಖಕ್ಕೆ ಹೊಡೆದ ಹಾಗೆ ಹೇಳಿದಳು. "ಇನ್ಮೇಲೆ ನನ್ನ ಹತ್ರ ಮಾತಾಡ್ಬೇಡ."

ಪರ್ಸು ತರಲು ಆಂಟಿ ಆಫೀಸಿಗೆ ಹೋದರು. ಸಿಡುಕಿ ನೀರಿನ ಬಾಟಲಿ ತರಲು ರೂಮಿಗೆ ಹೋದಳು. ಗುಬ್ಬಿಯ ಹಾಸಿಗೆ ಎಂದಿನಂತೆ ನೀಟಾಗಿತ್ತು. ಸಿಡುಕಿಯ ಹಾಸಿಗೆಯೂ ನೀಟಾಗಿತ್ತು, ಅದನ್ನು ಮಾಡಿದವಳೂ ಗುಬ್ಬಿಯೇ. ಅದನ್ನು ನೋಡಿ ಸಿಡುಕಿಗೆ ಇನ್ನೂ ಮೈ ಉರಿಯಿತು.

ಗುಬ್ಬಿಯ ದಿಂಬಿನ ಕೆಳಗೆ ಏನಿದೆ ಅಂತ ಸಿಡುಕಿಗೆ ಗೊತ್ತಿತ್ತು. ಜಿಪ್ ಇರುವ ಒಂದು ಪ್ಲಾಸ್ಟಿಕ್ ಕವರು. ಅದರೊಳಗೆ ಹಳದಿ ಸ್ವೆಟರು. ಗುಬ್ಬಿಯ ಅಮ್ಮ ಬೇರೊಂದು ದೇಶದ ಆಸ್ಪತ್ರೆಯಲ್ಲಿ ನರ್ಸು, ದೊಡ್ಡ ರಜೆಯಲ್ಲಿ ಮಾತ್ರ ಬರುತ್ತಿದ್ದರು. ಮಗಳನ್ನು ಬಿಡಲು ಬಂದ ದಿನ ಗೇಟಿನ ಹತ್ತಿರ ತೊಟ್ಟಿದ್ದ ಸ್ವೆಟರನ್ನು ಬಿಚ್ಚಿ ಕೊಟ್ಟು ಹೋಗಿದ್ದರು. ಗುಬ್ಬಿ ಅದನ್ನು ಒಮ್ಮೆಯೂ ತೊಟ್ಟಿರಲಿಲ್ಲ, ಒಗೆಯಲು ಹಾಕಿರಲಿಲ್ಲ. ಮಲಗುವ ಮುಂಚೆ ಜಿಪ್ಪು ಒಂಚೂರು ತೆರೆದು, ಮೂಗಿಟ್ಟು, ತಕ್ಷಣ ಮುಚ್ಚುತ್ತಿದ್ದಳು.

"ಜಾಸ್ತಿ ಹೊತ್ತು ತೆರೆದ್ರೆ ಅಮ್ಮನ ವಾಸನೆ ಖಾಲಿ ಆಗ್ಬಿಡತ್ತೆ," ಅಂದಿದ್ದಳು ಒಮ್ಮೆ. "ಯಾರಿಗೂ ಹೇಳ್ಬೇಡ ಆಯ್ತಾ?"

ಸಿಡುಕಿ ಯಾರಿಗೂ ಹೇಳಲಿಲ್ಲ. ಕವರಿನಿಂದ ಸ್ವೆಟರನ್ನು ಎಳೆದಳು. ಬಾಗಿಲ ಹಿಂದೆ ಲಾಂಡ್ರಿಯ ನೀಲಿ ಚೀಲ ತೂಗುತ್ತಿತ್ತು, ಅವತ್ತು ಬಟ್ಟೆ ಒಯ್ಯುವ ದಿನ. ಒಂದೇ ಕೈಯಲ್ಲಿ ಸ್ವೆಟರನ್ನು ಆ ಚೀಲದ ತಳಕ್ಕೆ ತುರುಕಿದಳು. ಮೇಲೆ ತನ್ನ ಕೊಳಕು ಸಾಕ್ಸು ಒತ್ತಿದಳು.

ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದರು. ಡಾಕ್ಟರು ಅದನ್ನು ಬೆಳಕಿಗೆ ಹಿಡಿದು, "ನೋಡು, ಇಲ್ಲಿ ಮೂಳೆ ಬಿರುಕು ಬಿಟ್ಟಿದೆ. ಇದ್ರ ಮೇಲೆ ಬಾಲ್ ಹಿಡಿಯಕ್ಕೆ ಹೋಗ್ತಿದ್ಯಾ? ಪೂರ್ತಿ ಮುರ್ಕೊಂಡು ಬರ್ತಿದ್ದೆ," ಅಂದರು. ಮೊಣಕೈವರೆಗೂ ಪ್ಲಾಸ್ಟರ್ ಹಾಕಿದರು.

ಗುಬ್ಬಿ ಮಾಡಿದ್ದು ಸರಿ ಅಂತ ಗೊತ್ತಾದರೆ ಸಿಟ್ಟು ಇಳಿಯಬೇಕಿತ್ತು. ಇಳಿಯಲಿಲ್ಲ. ಏರಿತು. ತಪ್ಪು ಮಾಡಿದವರ ಮೇಲಿನ ಸಿಟ್ಟಿಗಿಂತ ಸರಿ ಮಾಡಿದವರ ಮೇಲಿನ ಸಿಟ್ಟು ಹೆಚ್ಚು ಸುಡುತ್ತದೆ. ಕಾರಿನಲ್ಲಿ ದಾರಿಯುದ್ದಕ್ಕೂ ಸಿಡುಕಿ ಹಲ್ಲು ಕಚ್ಚಿ ಕೂತಿದ್ದಳು.

ರೂಮಿನ ಬಾಗಿಲು ತೆರೆದರೆ ಒಳಗೆ ಎಲ್ಲವೂ ಅಲ್ಲೋಲಕಲ್ಲೋಲ. ದಿಂಬು ನೆಲದ ಮೇಲೆ, ಹಾಸಿಗೆ ಅಡ್ಡಡ್ಡ, ಕಪಾಟಿನ ಬಟ್ಟೆಯೆಲ್ಲ ಹೊರಗೆ. ಗುಬ್ಬಿ ಮಂಚದ ಕೆಳಗೆ ತೂರಿದ್ದಳು. ಕಾಲು ಮಾತ್ರ ಕಾಣುತ್ತಿತ್ತು.

"ಸ್ವೆಟರ್ ಕಾಣಿಸ್ತಿಲ್ಲ ಕಣೇ," ಅಂದಿತು ಮಂಚದ ಕೆಳಗಿನ ದನಿ. "ಕವರ್ ಇದೆ. ಸ್ವೆಟರ್ ಇಲ್ಲ. ನೀನು ನೋಡಿದ್ಯಾ?"

"ನಂಗೇನು ಗೊತ್ತು!"

"ಹ್ಞೂಂ." ಗುಬ್ಬಿ ಹೊರಗೆ ಬಂದಳು. ಕೂದಲಲ್ಲಿ ಧೂಳು, ಮೂಗು ಕೆಂಪು. ಪ್ಲಾಸ್ಟರ್ ನೋಡಿ ಅವಳ ಮುಖ ಇನ್ನೂ ಸಣ್ಣಗಾಯಿತು. "ತುಂಬಾ ನೋವಾಯ್ತಾ? ಊಟ ಎತ್ತಿಟ್ಟಿದೀನಿ, ಟೇಬಲ್ ಮೇಲಿದೆ. ಎಡಗೈಲಿ ತಿನ್ನಕ್ಕೆ ಸ್ಪೂನೂ ಇಟ್ಟಿದೀನಿ." ಇಷ್ಟು ಹೇಳಿ ಮತ್ತೆ ಕಪಾಟಿಗೆ ಕೈ ಹಾಕಿ ಹುಡುಕತೊಡಗಿದಳು.

ಸಿಡುಕಿ ಬಾಗಿಲ ಹಿಂದೆ ನೋಡಿದಳು. ಬರೀ ಕೊಕ್ಕೆ ಇತ್ತು. ನೀಲಿ ಚೀಲ ಹೋಗಿತ್ತು.

ಅವಳು ಓಡಿದಳು. ಮೆಟ್ಟಿಲಿಳಿದು, ಅಡುಗೆಮನೆಯ ಹಿಂದಿನಿಂದ ಹಾದು, ನೆಲಮಾಳಿಗೆಯ ಲಾಂಡ್ರಿಗೆ ನುಗ್ಗಿದಳು. ಬಿಸಿ ಹಬೆ, ಸೋಪಿನ ಘಾಟು. ಸಾಲಾಗಿ ನಿಂತ ಮೆಷಿನ್ನುಗಳು ಗುಡುಗುಡು ಅನ್ನುತ್ತಿದ್ದವು.

"ಅಣ್ಣಾ! ನಮ್ಮ ರೂಮಿನ ಚೀಲ ಎಲ್ಲಿ?"

ಟವೆಲ್ಲು ಮಡಿಸುತ್ತಿದ್ದ ಲಾಂಡ್ರಿಯಣ್ಣ ಒಂದು ಮೆಷಿನ್ನಿನ ಕಡೆ ಗದ್ದ ತೋರಿಸಿದರು. ಅದರ ದುಂಡನೆಯ ಗಾಜಿನ ಹಿಂದೆ ನೊರೆ ಸುತ್ತುತ್ತಿತ್ತು. ನೊರೆಯ ನಡುವೆ ಹಳದಿ ಬಣ್ಣ ಕಾಣಿಸಿತು. ಮುಳುಗಿತು. ಮತ್ತೆ ಕಾಣಿಸಿತು.

"ನಿಲ್ಸಿ ಅಣ್ಣಾ! ತೆಗೀರಿ!"

"ಲಾಕ್ ಆಗಿದೆ ಮರಿ. ನೀರೆಲ್ಲ ಇಳಿಯೋವರ್ಗೂ ಬಾಗಿಲು ತೆಗೆಯಕ್ಕಾಗಲ್ಲ."

"ಬೇಗ ಇಳಿಸಿ!"

"ಈಗ ತೆಗೆದ್ರೂ ನೆಂದಿರೋದು ನೆಂದಿರತ್ತಲ್ಲ," ಅಂದರು ಅವರು. ಅವರಿಗೆ ಅದು ಬರೀ ಸ್ವೆಟರು.

ಸಿಡುಕಿ ಗಾಜಿನ ಮುಂದೆ ಕುಕ್ಕರಗಾಲಿನಲ್ಲಿ ಕೂತಳು. ಹಳದಿ ತೋಳೊಂದು ಗಾಜಿಗೆ ಬಡಿಯಿತು, ಒಳಗೆ ಹೋಯಿತು, ಮತ್ತೆ ಬಡಿಯಿತು. ಬೆಳಗಿನಿಂದ ಉರಿಯುತ್ತಿದ್ದ ಸಿಟ್ಟು ಈಗಲೂ ಇತ್ತು. ಆದರೆ ಅದು ಯಾರ ಮೇಲೆ ಅಂತ ಕೇಳಿದ್ದರೆ ಅವಳು ಬೇರೆ ಉತ್ತರ ಹೇಳುತ್ತಿದ್ದಳು.

ಒದ್ದೆ ಸ್ವೆಟರನ್ನು ಎದೆಗೊತ್ತಿ ಹಿಡಿದು ರೂಮಿಗೆ ಬಂದಾಗ ಅವಳ ಜಾಕೆಟ್ಟೂ ಒದ್ದೆಯಾಗಿತ್ತು. ಬಾಗಿಲಲ್ಲೇ ಸುಳ್ಳೊಂದು ನಾಲಿಗೆ ತುದಿಗೆ ಬಂತು. ಚೀಲಕ್ಕೆ ಹೇಗೋ ಬಿದ್ದುಹೋಗಿತ್ತು ಅಂದರೆ ಮುಗಿಯಿತು. ಗುಬ್ಬಿ ನಂಬುತ್ತಿದ್ದಳು. ಗುಬ್ಬಿ ಎಲ್ಲವನ್ನೂ ನಂಬುವವಳು.

"ನಾನೇ ಹಾಕಿದ್ದು," ಅಂದಳು ಸಿಡುಕಿ. "ಬೇಕು ಬೇಕಂತಲೇ."

ಗುಬ್ಬಿ ಸ್ವೆಟರನ್ನು ಇಸಿದುಕೊಂಡಳು. ಮೂಗಿಗೆ ಹಿಡಿದಳು. ಕುತ್ತಿಗೆಯ ಹತ್ತಿರ ಮೂಸಿದಳು, ತೋಳಿನ ಹತ್ತಿರ ಮೂಸಿದಳು, ಒಳಮಗ್ಗುಲು ಹೊರಗೆ ಮಾಡಿ ಮೂಸಿದಳು. ಹಾಸ್ಟೆಲಿನ ಬೆಡ್‌ಶೀಟಿಗೂ ಟವೆಲ್ಲಿಗೂ ಬರುವ ಅದೇ ಸೋಪಿನ ವಾಸನೆ. ಗುಬ್ಬಿ ಅಳಲಿಲ್ಲ. ಬೈಯಲಿಲ್ಲ. ಸ್ವೆಟರನ್ನು ಕುರ್ಚಿಯ ಬೆನ್ನಿಗೆ ಹರಡಿ, ಗೋಡೆಯ ಕಡೆ ತಿರುಗಿ ಮಲಗಿದಳು.

"ಬೈಯೇ," ಅಂದಳು ಸಿಡುಕಿ. "ಏನಾದ್ರೂ ಅನ್ನು."

ಗುಬ್ಬಿ ಹೊದಿಕೆಯನ್ನು ತಲೆಯ ಮೇಲೆ ಎಳೆದುಕೊಂಡಳು.

ಶನಿವಾರ ಅಪ್ಪ ಬಂದರು. ಪ್ಲಾಸ್ಟರನ್ನು ಎರಡು ಬೆರಳಿನಿಂದ ತಟ್ಟಿ ನೋಡಿ, "ಗಟ್ಟಿ ಬೆಂದಿದೆ," ಅಂದರು. ಆಟಗಾರರ ಬೆಂಚಿನಲ್ಲಿ ಮಗಳ ಪಕ್ಕ ಜಾಗ ಮಾಡಿಕೊಂಡು ಕೂತರು. ಕೋಚ್ ಸರ್ ದುರುಗುಟ್ಟಿ ನೋಡಿದರೂ ಅಪ್ಪ ಏಳಲಿಲ್ಲ.

"ನನ್ನ ಆಟ ನೋಡಕ್ಕೆ ಬಂದು ಹಿಂಗಾಯ್ತಲ್ಲಪ್ಪ."

"ಆಟ ನೋಡಕ್ಕೆ ಬೇಕರಿ ಮುಚ್ಚಿ ಬರಕ್ಕೆ ನನಗೇನು ಹುಚ್ಚಾ? ಆಟ ಟೀವಿಲೂ ಬರತ್ತೆ," ಅಂದರು ಅಪ್ಪ. "ನಿನ್ನ ನೋಡಕ್ಕೆ ಬಂದೆ."

ಸಿಡುಕಿ ಅಪ್ಪನ ತೋಳಿಗೆ ಮುಖ ಒತ್ತಿದಳು. ಹೊಸ ಶರ್ಟು ಹಾಕಿದ್ದರೂ ಅದೇ ವಾಸನೆ. ಆಗತಾನೇ ಒಲೆಯಿಂದ ತೆಗೆದ ಬ್ರೆಡ್ಡು, ಬೆಣ್ಣೆ, ಸ್ವಲ್ಪ ಹೊಗೆ. ಅವಳು ಉಸಿರೆಳೆದಳು. ಇನ್ನೊಮ್ಮೆ ಎಳೆದಳು. ಇದ್ದಕ್ಕಿದ್ದಂತೆ ಬಿಕ್ಕಿ ಬಿಕ್ಕಿ ಅಳತೊಡಗಿದಳು.

"ಅಯ್ಯೋ, ಒಂದು ಗೋಲ್ ತಾನೇ ಹೋಗಿದ್ದು, ಬಿಡು," ಅಂದರು ಅಪ್ಪ. ಅವರಿಗೆ ಹೇಗೆ ತಿಳಿಯಬೇಕು?

ಸೋಮವಾರ ಬೆಳಿಗ್ಗೆ ಸಿಡುಕಿ ಎಲ್ಲರಿಗಿಂತ ಕೊನೆಗೆ ಕೆಳಗೆ ಬಂದಳು. ಬೋರ್ಡೆಲ್ಲ ಹಸಿರು. ಹಕ್ಕಿಯ ಚಿತ್ರವಿದ್ದ ಗುಬ್ಬಿಯ ಕ್ಲಿಪ್ಪೂ ಹಸಿರಿನಲ್ಲೇ ಇತ್ತು. ಗುಬ್ಬಿ ಅಂದಿನಿಂದ ಸರಿಯಾಗಿ ಊಟ ಮಾಡಿರಲಿಲ್ಲ. ಖಾಲಿ ಕವರನ್ನು ದಿಂಬಿನ ಕೆಳಗಿಂದ ತೆಗೆದಿರಲೂ ಇಲ್ಲ. ಸ್ವೆಟರು ಕುರ್ಚಿಯ ಮೇಲೇ ಒಣಗಿ ಕೂತಿತ್ತು.

ಸಿಡುಕಿ ತನ್ನ ಕ್ಲಿಪ್ಪನ್ನು ಕೆಂಪಿಗೆ ಹಾಕಿದಳು. ಒಂದು ಗಳಿಗೆ ನಿಂತಳು. ಆಮೇಲೆ ಹಕ್ಕಿಯನ್ನೂ ಹಸಿರಿನಿಂದ ತೆಗೆದು ತನ್ನ ಪಕ್ಕಕ್ಕೆ ಸಿಕ್ಕಿಸಿದಳು.

ತಿಂಡಿ ಮುಗಿಸಿ ಬಂದ ಹುಡುಗಿಯರು ಬೋರ್ಡಿನ ಮುಂದೆ ಗುಂಪುಗೂಡಿದರು. ವಾರ್ಡನ್ ಆಂಟಿಯೂ ಬಂದರು.

"ಇದ್ಯಾರು?" ಗುಬ್ಬಿಯ ದನಿ ನಡುಗುತ್ತಿತ್ತು. "ನಾನು ಹಸಿರಿಗೆ ಹಾಕಿದ್ದೆ. ನನ್ನ ಕ್ಲಿಪ್ ಮುಟ್ಟಿದ್ದು ಯಾರು?"

ಸಿಡುಕಿ ಗುಂಪಿನಿಂದ ಒಂದು ಹೆಜ್ಜೆ ಮುಂದೆ ಬಂದಳು. ಎಲ್ಲರ ಕಣ್ಣೆದುರು ಬಾಯಿಬಿಡುವುದು ಇಷ್ಟು ಕಷ್ಟವೇ? ಅವತ್ತು ಗುಬ್ಬಿ ಇದನ್ನೇ ಮಾಡಿದ್ದಳು, ಅಷ್ಟು ಸಣ್ಣ ದನಿಯಲ್ಲಿ.

"ನಾನು," ಅಂದಳು ಸಿಡುಕಿ.

ಗುಬ್ಬಿ ಅವಳನ್ನು ದಿಟ್ಟಿಸಿದಳು. ಅವಳ ಮುಖ ಕೆಂಪಾಯಿತು, ತುಟಿ ಅದುರಿತು, ಆಮೇಲೆ ಕಟ್ಟೆ ಒಡೆಯಿತು.

"ನನ್ನ ಕ್ಲಿಪ್ ಮುಟ್ಟಕ್ಕೆ ನೀನ್ಯಾರೇ? ಹಾಂ? ಸ್ವೆಟರ್ ಹಾಳ್ಮಾಡಿದ್ದು ಸಾಕಾಗ್ಲಿಲ್ವಾ? ಅದು ನಮ್ಮಮ್ಮಂದು! ರಜಕ್ಕೆ ಇನ್ನೂ ಎಷ್ಟು ದಿನ ಇದೆ ಗೊತ್ತಾ ನಿಂಗೆ? ಕೆಟ್ಟವಳು ನೀನು! ಕೋತಿ! ಕತ್ತೆ!"

ಮಾತು ಅರ್ಥವಾಗದ ಹುಡುಗಿಯರು ಬಾಯಿ ಬಿಟ್ಟುಕೊಂಡು ನೋಡಿದರು. ಗುಬ್ಬಿಗೆ ಇಷ್ಟು ದೊಡ್ಡ ದನಿ ಇದೆ ಅಂತ ಯಾರಿಗೂ ಗೊತ್ತಿರಲಿಲ್ಲ. ವಾರ್ಡನ್ ಆಂಟಿ ಮುಂದೆ ಬರಲು ಹೋದವರು ಯಾಕೋ ಅಲ್ಲೇ ನಿಂತರು.

ಬೆಲ್ಲು ಹೊಡೆಯಿತು. ಗುಬ್ಬಿ ಕಾರಿಡಾರಿನಲ್ಲಿ ದಾಪುಗಾಲು ಹಾಕುತ್ತಾ ಬೈಯುತ್ತಲೇ ಹೋದಳು. ಸಿಡುಕಿ ಪಕ್ಕದಲ್ಲೇ ನಡೆದಳು. ಅವಳ ಶೂ ಲೇಸು ಬಿಚ್ಚಿ ನೆಲಕ್ಕೆ ಎಳೆಯುತ್ತಿತ್ತು. ಗುಬ್ಬಿ ಅದನ್ನು ನೋಡಿದಳು. ಕಟ್ಟಲಿಲ್ಲ.

ಸಿಡುಕಿ ಬಗ್ಗಿ, ಎಡಗೈಯಿಂದ ಲೇಸನ್ನು ಶೂ ಒಳಗೆ ತುರುಕಿಕೊಂಡು ಎದ್ದಳು. ಅಷ್ಟು ಹೊತ್ತೂ ಗುಬ್ಬಿ ಬೈಯುತ್ತಾ ಅಲ್ಲೇ ನಿಂತಿದ್ದಳು. ಸಿಡುಕಿ ಒಂದು ಮಾತಿಗೂ ತಿರುಗಿ ಹೇಳಲಿಲ್ಲ. ಕ್ಲಾಸು ಇನ್ನೂ ದೂರವಿರಲಿ ಅಂತ ನಿಧಾನವಾಗಿ ನಡೆದಳು.