ಪೊರೆಗಣ್ಣಿನ ಸಾಕ್ಷಿ

೧೯೪೩ನೇ ಇಸವಿ ಜೂನ್ ೧೪, ಸೋಮವಾರ. ಬೆಳಿಗ್ಗೆ ಹತ್ತೂವರೆಗೆ ಬಳೆ ಮಾರುವ ನಜ್ಮುನ್ನೀಸಾ ಮದ್ದೂರು ಠಾಣೆಗೆ ಅರ್ಜಿ ಹಿಡಿದು ಬಂದಳು. ಅವಳ ಗಂಡ, ಬಸ್ ಮೆಕ್ಯಾನಿಕ್ ಗೌಸ್ ಪೀರ್, ಭತ್ತದ ಗೋದಾಮಿಗೆ ಬೆಂಕಿಯಿಟ್ಟು ಕಾವಲುಗಾರ ಶಿವಯ್ಯನ ಸಾವಿಗೆ ಕಾರಣನಾದನೆಂದು ಎರಡು ವರ್ಷದಿಂದ ಜೈಲಿನಲ್ಲಿದ್ದ. ಜೀವಾವಧಿ ಶಿಕ್ಷೆ.

“ಗೋದಮ್ಮೋರಿಗೆ ಕಣ್ಣಿನ ಆಪರೇಷನ್ ಆಯ್ತು ಸ್ವಾಮಿ. ಮೂರು ವರ್ಸದಿಂದ ಮುಖದ ಗುರ್ತೇ ಸಿಕ್ತಿರ್ಲಿಲ್ಲ ಅಂತ ಅವರ ಸೊಸೆನೇ ಬಳೆ ತೊಡ್ಸುವಾಗ ಅಂದ್ರು. ಮತ್ತೆ ನಮ್ಮೋರ್ನ ಹೆಂಗೆ ಕಂಡ್ರು?”

ದಫೇದಾರ ದೊಡ್ಡಸಿದ್ದಯ್ಯನ ಕೈಯಲ್ಲಿ ಲೇಖನಿ ನಿಂತಿತು. ಆ ಕೇಸಿನ ಪಂಚನಾಮೆ ಬರೆದವನು ಅವನೇ. ಗೋದಾಮಿನ ಎದುರು ಮನೆಯ ಗೋದಮ್ಮನನ್ನು ಸಾಕ್ಷಿ ಮಾಡಿದವನೂ ಅವನೇ.

ಇನ್ಸ್‌ಪೆಕ್ಟರ್ ಪಾರ್ಥಸಾರಥಿ ಠಾಣೆಗೆ ಹೊಸಬರು. ಬುಧವಾರವೇ ಮೈಸೂರಿಗೆ ಹೋಗಿ ಆಸ್ಪತ್ರೆಯ ರಿಜಿಸ್ಟರ್ ನೋಡಿದರು. ಬೆಂಕಿ ಬಿದ್ದದ್ದು ೧೯೪೧ರ ಮಾರ್ಚಿನಲ್ಲಿ. ಅದಕ್ಕೆ ಒಂದು ತಿಂಗಳ ಹಿಂದೆ ಡಾಕ್ಟರು ಬರೆದಿದ್ದರು: ಎರಡೂ ಕಣ್ಣಿಗೆ ಪೊರೆ, ಮುಖ ಗುರುತಿಸಲಾರರು.

ಗುರುವಾರ ಠಾಣೆಯಲ್ಲಿ ಗೋದಮ್ಮನ ಹೇಳಿಕೆ; ಪ್ರಶ್ನೆ ಪಾರ್ಥಸಾರಥಿಯವರದು. ದೊಡ್ಡಸಿದ್ದಯ್ಯನೇ ಬರೆದುಕೊಳ್ಳಬೇಕಾಯಿತು.

“ಗೌಸ್ ಪೀರನನ್ನು ಕಂಡಿರಾ?”

“ಇಲ್ಲ. ಯಾರೋ ಓಡಿದ ಸದ್ದು ಕೇಳಿತು, ಅಷ್ಟೆ.”

“ಮತ್ತೇಕೆ ಹಾಗೆ ಹೇಳಿದಿರಿ?”

“ನನ್ನ ಮಗ ವೆಂಕಟೇಶಮೂರ್ತಿ ಅದೇ ಗೋದಾಮಿನ ಗುಮಾಸ್ತ. ಅವನ ಮೇಲೇ ಅನುಮಾನವೆಂದು ಎರಡು ದಿನ ಇಲ್ಲೇ ಕೂರಿಸಿದ್ದರು. ಮೆಕ್ಯಾನಿಕ್ಕನ್ನ ಕಂಡೆ ಅನ್ನಿ, ಮಗ ಮನೆಗೆ ಬತ್ತಾನೆ ಅಂದರು.”

“ಯಾರು ಅಂದದ್ದು?”

“ಮುಖ ಕಂಡಿರಲಿಲ್ಲ. ದನಿ ಗೊತ್ತು.”

ದೊಡ್ಡಸಿದ್ದಯ್ಯ ತಲೆ ಎತ್ತಲಿಲ್ಲ. ಹೇಳಿಕೆ ಮುಗಿದು ರುಜು ಹಾಕಿಸುವಾಗ “ಇಲ್ಲಿ ಆಕಿ ಅಮ್ಮ” ಎನ್ನಲೇಬೇಕಾಯಿತು. ಗೋದಮ್ಮ ದಪ್ಪ ಕನ್ನಡಕ ಸರಿಪಡಿಸಿಕೊಂಡು ಅವನನ್ನೇ ನೋಡಿದಳು.

“ಇವರೇ,” ಎಂದಳು.

“ನಿಜವೇನ್ರೀ?” ಪಾರ್ಥಸಾರಥಿ ಕೇಳಿದರು.

“ಇಲ್ಲ ಸ್ವಾಮಿ.”

ಪಾರ್ಥಸಾರಥಿ ಹೇಳಿಕೆಯ ಕಾಗದವನ್ನು ಅವನ ಕೈಯಿಂದ ತೆಗೆದುಕೊಂಡರು. ಆಮೇಲೆ ಎಲ್ಲವನ್ನೂ, ಅವನ ಹೆಸರನ್ನೂ ಸೇರಿಸಿ, ವರದಿ ಬರೆದು ಮೇಲಕ್ಕೆ ಕಳಿಸಿದರು. ದೊಡ್ಡಸಿದ್ದಯ್ಯ ಐದು ತಿಂಗಳು ಸರಿಯಾಗಿ ಊಟ ಮಾಡಲಿಲ್ಲ.

ನವೆಂಬರಿನಲ್ಲಿ ಹೈಕೋರ್ಟಿನ ಆದೇಶ ಬಂತು. ಪಾರ್ಥಸಾರಥಿ ಗಟ್ಟಿಯಾಗಿ ಓದಿದರು. ಗೋದಮ್ಮನ ಸಾಕ್ಷ್ಯ ಸುಳ್ಳು. ಆಕೆಯ ಮೇಲೆ ಮೊಕದ್ದಮೆ ಹೂಡತಕ್ಕದ್ದು. ಆದರೆ ಗೌಸ್ ಪೀರನ ಅಂಗಡಿಯಲ್ಲಿ ಸೀಮೆಎಣ್ಣೆ ಡಬ್ಬ ಸಿಕ್ಕಿದೆ, ಗೋದಾಮಿನ ಯಜಮಾನನೊಡನೆ ಜಗಳವಿತ್ತು. ಶಿಕ್ಷೆಗೆ ಅಷ್ಟು ಸಾಕು. ದಫೇದಾರನ ವಿಷಯದಲ್ಲಿ, ಒಮ್ಮೆ ಸುಳ್ಳು ಹೇಳಿದವಳ ಮಾತು ನಂಬಲಾಗದು.

“ಮೆಕ್ಯಾನಿಕ್ ಅಂಗಡೀಲಿ ಸೀಮೆಎಣ್ಣೆ ಇರದೆ ಇನ್ನೇನಿರುತ್ತೆ?” ಎಂದು ಪಾರ್ಥಸಾರಥಿ ಕಾಗದ ಮಡಿಚಿದರು. “ಹೋಗಿ, ವಾರಂಟ್ ಜಾರಿ ಮಾಡಿ ಬನ್ನಿ.”

ಮರುದಿನ ಬೆಳಿಗ್ಗೆ ಏಳಕ್ಕೆ ದೊಡ್ಡಸಿದ್ದಯ್ಯ ಕಾನ್‌ಸ್ಟೇಬಲ್ ಒಬ್ಬನೊಡನೆ ದಸ್ತಗಿರಿಗೆ ಹೋದ. ಗೋದಮ್ಮ ಮಡಿಸೀರೆ ಗಂಟು ಕಟ್ಟಿಕೊಂಡು ಸಿದ್ಧವಾಗಿದ್ದಳು. ಮಗ ಒಳಗಿನಿಂದ ಹೊರಗೆ ಬರಲಿಲ್ಲ.

“ನಾನು ಹೋದರೆ ಆ ಸಾಬರನ್ನು ಬಿಡುತ್ತಾರಲ್ಲವೇನಪ್ಪ?”

“ಇಲ್ಲ ಕಣಮ್ಮ. ಬುಡಕಿಲ್ಲ,” ಎಂದ ದೊಡ್ಡಸಿದ್ದಯ್ಯ.

ಅವಳು ಜಗಲಿಯ ಮೇಲೆ ಕುಸಿದು ಕೂತಳು. ಕಾನ್‌ಸ್ಟೇಬಲ್ ರಟ್ಟೆ ಹಿಡಿದು ಎಬ್ಬಿಸಿ ಜಟಕಾ ಹತ್ತಿಸಿದ.

ದೊಡ್ಡಸಿದ್ದಯ್ಯ ಹಿಂದೆ ನಡೆದ. ಗೌಸ್ ಪೀರನೇ ಬೆಂಕಿಯಿಟ್ಟನೆಂದು ಅಂದು ಅವನು ಮನಸಾರೆ ನಂಬಿದ್ದ. ಸಾಕ್ಷಿಯೊಂದು ಕಡಿಮೆಯಿತ್ತು, ಅದನ್ನು ಒದಗಿಸಿದ್ದ. ಈಗ ಆ ನಂಬಿಕೆ ಇರಲಿಲ್ಲ. ಹಾಗೆಂದು ಹೇಳಲು ಬಾಯಿಯೂ ಬರಲಿಲ್ಲ.