ಒಂದು ಮನೆ ಶ್ರುತಿ

"ಎರಡು ಇಡ್ಲಿ, ಒಂದು ವಡೇ..."

ನೌಪಾಡಾದ ಆ ಉಡುಪಿ ಹೋಟೆಲಿನ ಗಲ್ಲಾದಿಂದ ಬಂದ ಕೂಗಿಗೆ ತೃಪ್ತಿ ಬಾಗಿಲಲ್ಲೇ ನಿಂತಳು. ಅವನು ಇಲ್ಲಿದ್ದಾನೆಂದು ಕೇಳಿಯೇ ಬಂದಿದ್ದಳು. ಅದೇ ದನಿ! ಆದರೆ ಎಷ್ಟು ಕೆಳಗಿಳಿದಿದೆ...

"ಯಶ್ವಂತ್..."

ಅವನು ತಲೆಯೆತ್ತಿದ. ಮುಖ ಕಲ್ಲಾಯಿತು. "ಎಂತ ಬೇಕು?"

ಹನ್ನೊಂದು ವರ್ಷ! ಅವಳ ಕಣ್ಣು ತುಂಬಿತು.

"ನಮ್ಮ ಸಾಂಬಾರು ತಿಂದ ಮೇಲೆ ಅಳುವವರುಂಟು ಅಕ್ಕ," ಎಂದ ಸಪ್ಲಾಯರ್ ಅಂಗಾರ. "ನೀವು ಮೊದಲೇ ಶುರು ಮಾಡಿದ್ರಲ್ಲ!"

ದೇವರು ಕೊಡುವಾಗ ಎರಡೂ ಕೈಯಲ್ಲಿ ಕೊಡುತ್ತಾನೆ. ತಕ್ಕೊಳ್ಳುವಾಗ ಹೇಳಿ ತಕ್ಕೊಳ್ಳುವುದಿಲ್ಲ. ಆರು ವರ್ಷಕ್ಕೇ ತೋಡಿ ರಾಗ ಬಿಡಿಸಿ ಹಾಡಿದ ಮಗು ಯಶ್ವಂತ್. ಪಾತ್ರೆ ಬಿದ್ದ ಸದ್ದಿಗೂ ಸ್ವರ ಹೇಳುತ್ತಿದ್ದ. ಡೊಂಬಿವಲಿಯಲ್ಲಿ ಹಿರಿಯರೇ ಅವನ ಕಾಲು ಮುಟ್ಟುತ್ತಿದ್ದರು. ಹಿಂದೆ ಕುಳಿತು ತಂಬೂರಿ ಮೀಟುತ್ತಿದ್ದವಳು ಅವನದೇ ವಯಸ್ಸಿನ ತೃಪ್ತಿ.

ಹಾಡುವವರು ಶ್ರುತಿಯ ಎತ್ತರವನ್ನು 'ಮನೆ' ಲೆಕ್ಕದಲ್ಲಿ ಹೇಳುತ್ತಾರೆ. ಅವನದು ಐದು ಮನೆ. ಹದಿಮೂರು ತುಂಬಿದ ವರ್ಷ, ಕಛೇರಿಗೆ ಮುಂಚೆ ಅವನು ನೀರು ಕೇಳಿದ. ಆ ದನಿ ಒಡೆದದ್ದು ಅವಳೊಬ್ಬಳಿಗೇ ಕೇಳಿಸಿತು. ಮೆಲ್ಲಗೆ ತಂಬೂರಿಯನ್ನು ನಾಲ್ಕು ಮನೆಗೆ ಇಳಿಸಿಟ್ಟಳು.

ತುಂಬಿದ ಸಭೆಯಲ್ಲಿ ಅವನು ತಿರುಗಿದ. "ಶ್ರುತಿ ಕೂಡಿಸ್ಲಿಕ್ಕೂ ಬರುದಿಲ್ವಾ ನಿಂಗೆ?"

ಅವಳು ಮತ್ತೆ ಏರಿಸಿದಳು. ಮೇಲಿನ ಸ್ವರದಲ್ಲಿ ಅವನ ದನಿ ಚೂರಾಯಿತು... ಸಭೆ ನಕ್ಕಿತು. ಆಮೇಲೆ ಅವನು ಹಾಡಲೇ ಇಲ್ಲ. "ಇವಳೇ ಮಗುವಿನ ಗಂಟಲು ಕೆಡಿಸಿದ್ದು," ಎಂದು ಗುರು ವಿನೋದಕ್ಕ ಅವಳ ಕೈಯಿಂದ ತಂಬೂರಿ ಕಿತ್ತುಕೊಂಡರು. ತೃಪ್ತಿಯೂ ಅದನ್ನೇ ನಂಬಿದಳು.

"ಕ್ಷಮೆ ಕೇಳ್ಲಿಕ್ಕೆ ಬಂದೆ," ಎಂದಳು ಈಗ. "ನಾನು ಇಳಿಸದಿದ್ರೆ ನೀನು ಗಾಬರಿ ಆಗ್ತಿರ್ಲಿಲ್ಲ... ಇವತ್ತೂ ಹಾಡ್ತಿದ್ದೆ."

ಅವನು ಗಲ್ಲಾದ ಖಾನೆ ಮುಚ್ಚಿದ.

"ಪಾತ್ರೆ ಬಿದ್ರೆ ಸ್ವರ ಹೇಳ್ತಿದ್ದವ ನಾನು. ನನ್ನ ದನಿ ಒಡೆದದ್ದು ನಂಗೇ ಗೊತ್ತಾಗ್ಲಿಕ್ಕಿಲ್ವಾ?"

"ಅಂದ್ರೆ...?"

"ಗೊತ್ತಿತ್ತು. ನನ್ನನ್ನು ಉಳಿಸ್ಲಿಕ್ಕೆ ನೀನು ಇಳಿಸಿದ್ದೂ ಗೊತ್ತಿತ್ತು. ದೇವರ ಮಗು ಅಂತಿದ್ರಲ್ಲ ಎಲ್ಲ... ತಪ್ಪು ಬೇರೆಯವರದ್ದೇ ಆಗ್ಬೇಕಿತ್ತು, ತೃಪ್ತಿ."

ಹನ್ನೊಂದು ವರ್ಷ ಹೊತ್ತ ಪಾಪ ತನ್ನದಾಗಿರಲೇ ಇಲ್ಲ! ಅಳಬೇಕೋ, ಇವನಿಗೆ ಎರಡು ಬಾರಿಸಬೇಕೋ...

"ಒಮ್ಮೆ ಹೇಳ್ಬಹುದಿತ್ತು. ನಾನು ಮತ್ತೆ ತಂಬೂರಿ ಮುಟ್ಟಿಲ್ಲ ಯಶು."

"ಹೇಳಿದ್ರೆ ನೀನು ಸಿಗುದಿಲ್ಲ ಅಂತ ಹೆದರಿದೆ. ಹೇಳದೆಯೂ ಸಿಗ್ಲಿಲ್ಲ. ನನ್ನ ಮನಸ್ಸಲ್ಲಿ ಆಗ್ಲೂ ನೀನೇ... ಈಗ್ಲೂ."

ಅವಳು ಕಣ್ಣೊರೆಸಿಕೊಂಡಳು. "ದನಿ ಈಗ ಎಷ್ಟಕ್ಕೆ ನಿಂತಿದೆ?"

"ಒಂದು ಮನೆ. ಅದೂ ಹರುಕು." ಗಲ್ಲಾದಿಂದ ಎದ್ದು ಕೇಳಿದ, "ಕ್ಷಮಿಸ್ತೀಯಾ?"

"ಇಲ್ಲ. ಅದಕ್ಕೆ ಇನ್ನೂ ಹನ್ನೊಂದು ವರ್ಷ ಬೇಕು."

ಅವನ ತಲೆ ತಗ್ಗಿತು.

"ಅಲ್ಲಿವರೆಗೆ... ಇಬ್ಬರಿಗೆ ಒಂದು ಮನೆ ಸಾಕಾಗ್ತದಾ, ಯಶು?"

"ಸಾಕು," ಎಂದ.

ದನಿ ಒಡೆದಿತ್ತು. ಈ ಸಲವೂ ಅದು ಅವಳೊಬ್ಬಳಿಗೇ ಕೇಳಿಸಿತು.