ಯಮುನಳ ಹೆಸರಿನ ಚೀಟಿ

"ಯಮುನ ಅಂದ್ರೆ ಯಾರು?"

ಔಷಧಿ ಅಂಗಡಿಯವನು ಚೀಟಿಯನ್ನು ಬೆಳಕಿಗೆ ಹಿಡಿದು ಇಡೀ ಅಂಗಡಿಗೆ ಕೇಳುವಂತೆ ಕೂಗಿದ.

"ನಾನೇ," ಎಂದಳು ಯಮುನ.

ಅವನ ಕಣ್ಣು ಚೀಟಿಯಿಂದ ಅವಳ ಕೊರಳಿಗೆ ಬಂತು. ಕರಿಮಣಿ ಇಲ್ಲ. ಕಾಲಿಗೆ ಇಳಿಯಿತು. ಕಾಲುಂಗುರವೂ ಇಲ್ಲ.

"ಇದು ಮಕ್ಕಳಾಗದ ಹಾಗೆ ತಿನ್ನುವ ಮಾತ್ರೆ. ಮದುವೆ ಆಗದವಳಿಗೆ ಎಂತಕ್ಕೆ?"

ಯಮುನಳ ಕಿವಿ ಕಾದ ಕಾವಲಿಯಾಯಿತು. ಮಡಿಕೇರಿಯ ಆ ಅಂಗಡಿಯಲ್ಲಿ ಆಗ ಐದಾರು ಜನರಿದ್ದರು. ಕೆಮ್ಮಿಗೆ ಔಷಧಿ ಕೊಳ್ಳಲು ಬಂದಿದ್ದ ಮುದುಕಿ ಕೆಮ್ಮುವುದನ್ನೇ ನಿಲ್ಲಿಸಿ ಕಿವಿಗೊಟ್ಟಿದ್ದಳು.

ಓಡಿಹೋಗಲೇ... ಓಡಿದರೆ ಮಾತ್ರೆ ಹೋಯಿತು. ಮಾತ್ರೆ ಹೋದರೆ...

ಅವಳು ಓಡಲಿಲ್ಲ. ಮುಂದಿದ್ದ ಮರದ ಕಟ್ಟೆಯ ಅಂಚನ್ನು ಬಿಗಿಯಾಗಿ ಹಿಡಿದು ನಿಂತಳು.

"ಚೀಟೀಲಿ ಡಾಕ್ಟ್ರ ಸಹಿ ಉಟ್ಟಲ್ಲ?" ಹಿಂದಿನಿಂದ ಒಂದು ಗಂಡು ದನಿ ಬಂತು. "ಕೇಳೂದನ್ನೆಲ್ಲ ಅವರು ಕೇಳಿರ್ತಾರೆ. ನೀವು ಔಷಧಿ ಕೊಡಿ."

ದನಿ ಜೋರಾಗಿರಲಿಲ್ಲ. ಆದರೂ ಅಂಗಡಿಯವನು ಕಪಾಟಿನಿಂದ ಪೊಟ್ಟಣ ತೆಗೆದುಕೊಟ್ಟ. ಯಮುನ ಪೊಟ್ಟಣವನ್ನು ಸೆರಗಿನೊಳಗೆ ತುರುಕಿ, ಅರ್ಧ ಬೆಲೆ ಕೊಟ್ಟು, ಹೇಳಿದವನ ಮುಖವನ್ನು ಅರೆಗಳಿಗೆ ಮಾತ್ರ ನೋಡಿ ಹೊರಗೆ ನಡೆದಳು. ಕಪ್ಪಗಿನ ಸಣಕಲು ಮುಖ. ಕಿವಿಯ ಮೇಲೊಂದು ಪೆನ್ಸಿಲು.

ಆ ಪೆನ್ಸಿಲು ಗಾಳಿಬೀಡಿನ ಬಸ್ಸನ್ನೂ ಹತ್ತಿತು. ಅವಳು ಕೆಲಸ ಮಾಡುವ ಎಸ್ಟೇಟಿನ ಗೇಟಿನಲ್ಲೇ ಇಳಿಯಿತು.

ಆಗ ತಿಳಿಯಿತು. ವಿರಾಜಪೇಟೆ ಕಡೆಯಿಂದ ಬಂದ ಹೊಸ ರೈಟರು ದೇರಪ್ಪ ಅಂದರೆ ಇವನೇ. ಕೂಲಿಯ ಪಟ್ಟಿ ಬರೆಯುವವನು, ಔಷಧಿಯ ಬಿಲ್ಲು ಪಾಸು ಮಾಡುವವನು ಇವನೇ.

ದೇವರೇ... ಇವನೇ ಆಗಬೇಕಿತ್ತೇ?

*

ಮಾತ್ರೆ ಯಮುನಳಿಗಾಗಿ ಅಲ್ಲ. ಅವಳ ಅಕ್ಕ ಬೊಳ್ಳಮ್ಮನಿಗಾಗಿ.

ಬೊಳ್ಳಮ್ಮನಿಗೆ ನಾಲ್ಕು ಮಕ್ಕಳು. ನಾಲ್ಕನೆಯದರ ಹೆರಿಗೆಯಲ್ಲಿ ಹರಿದ ರಕ್ತಕ್ಕೆ ಎರಡು ಚಾಪೆ ಸುಡಬೇಕಾಯಿತು. ಇನ್ನೊಂದು ಬಸಿರಾದರೆ ನಿನ್ನ ಅಕ್ಕ ಉಳಿಯುವುದಿಲ್ಲ ಎಂದು ಮಡಿಕೇರಿಯ ಡಾಕ್ಟರಮ್ಮ ಯಮುನಳ ಕೈ ಹಿಡಿದೇ ಹೇಳಿದ್ದರು.

ಬಸಿರಾಗದಂತೆ ಸರ್ಕಾರದವರು ಗರ್ಭದೊಳಗೆ ಪುಕ್ಕಟೆ ಹಾಕುವ ವಂಕಿ ಹಾಕಿಸಿದರೆ ಮತ್ತೆ ರಕ್ತ. ತೆಗೆಸಬೇಕಾಯಿತು. ಆಪರೇಷನ್ ಅಂದಾಗ ಭಾವ ಕೂಸಪ್ಪ ಕತ್ತಿ ಹಿಡಿದು ಅಂಗಳಕ್ಕೆ ಇಳಿದಿದ್ದ. ತನ್ನ ಅಪ್ಪನಿಗೆ ಒಂಬತ್ತು ಮಕ್ಕಳಿದ್ದರಂತೆ. ಅಪ್ಪನಿಗೆ ಒಂಬತ್ತು ಹೌದು, ಹೆತ್ತವಳು ಎಷ್ಟನೆಯ ವಯಸ್ಸಿಗೆ ಸತ್ತಳು ಅಂತ ಆ ಗಂಡಸನ್ನು ಯಾರೂ ಕೇಳಲಿಲ್ಲ. ಬಸ್‌ಸ್ಟ್ಯಾಂಡಿನ ಗೋಡೆಯ ಮೇಲೆ ಕುಟುಂಬ ಯೋಜನೆಯ ಕೆಂಪು ತ್ರಿಕೋನ ಬರೆದು ಎರಡು ಮೂರು ಸಾಕು ಅಂದರೆ ಮುಗಿಯಿತೇ? ಗೋಡೆಯನ್ನು ಓದುವುದು ಹೆಂಗಸು. ಮನೆಯಲ್ಲಿ ಅಪ್ಪಣೆ ಕೊಡುವುದು ಗಂಡಸು.

ಉಳಿದದ್ದು ಮಾತ್ರೆ. ಅದು ಸರ್ಕಾರಿ ಆಸ್ಪತ್ರೆಯಲ್ಲಿ ಸಿಗುವುದಿಲ್ಲ. ಅಂಗಡಿಯಲ್ಲಿ ಒಂದು ತಿಂಗಳ ಪಟ್ಟಿಗೆ ಯಮುನಳ ಐದು ದಿನದ ಕೂಲಿ.

ಎಸ್ಟೇಟಿನಲ್ಲಿ ಒಂದು ಕ್ರಮವಿತ್ತು. ಚೆಕ್‌ರೋಲು ಎನ್ನುವ ಕೂಲಿ ಪಟ್ಟಿಯಲ್ಲಿ ಯಾರ ಹೆಸರಿದೆಯೋ ಅವರ ಔಷಧಿಗೆ ಅರ್ಧ ಬೆಲೆ ಎಸ್ಟೇಟಿನದು. ಕೆಲಸದವರ ಕೂಸುಗಳನ್ನು ನೋಡಿಕೊಳ್ಳುವ ಶೆಡ್ಡಿನಲ್ಲಿ ಆಯಾ ಆಗಿದ್ದ ಯಮುನಳ ಹೆಸರು ಅದರಲ್ಲಿತ್ತು. ಬೊಳ್ಳಮ್ಮನದು ಇರಲಿಲ್ಲ.

ಯಾರ ಹೆಸರು ಬರೆಯಲಿ ಎಂದು ಡಾಕ್ಟರಮ್ಮ ಕೇಳಿದ್ದರು.

"ನಂದೇ ಬರೀರಿ," ಎಂದಿದ್ದಳು ಯಮುನ.

ಅವರು ಕನ್ನಡಕದ ಮೇಲಿಂದ ಬಹಳ ಹೊತ್ತು ನೋಡಿ, ಬರೆದಿದ್ದರು. ಮದುವೆಯಾಗದ ಹುಡುಗಿ ಅರ್ಧ ಬೆಲೆ ಉಳಿಸಲು ತನ್ನ ಮಾನವನ್ನು ಪೂರ್ತಿ ಒತ್ತೆ ಇಡುತ್ತಿದ್ದಾಳೆ ಎಂಬುದು ಆ ಕೋಣೆಯಲ್ಲಿದ್ದ ಇಬ್ಬರಿಗೂ ಗೊತ್ತಿತ್ತು.

*

ಮೊದಲ ತಿಂಗಳು ಬಿಲ್ಲು ಪಾಸಾಯಿತು. ಎರಡನೆಯದೂ, ಮೂರನೆಯದೂ.

ದೇರಪ್ಪ ಒಂದು ಮಾತೂ ಕೇಳಲಿಲ್ಲ. ಬದಲಿಗೆ ಶೆಡ್ಡಿಗೆ ಬರತೊಡಗಿದ. ಹಾಲಿನ ಪುಡಿ ಎಷ್ಟಿದೆ ನೋಡಬೇಕೆಂದು ಒಂದು ದಿನ, ತೊಟ್ಟಿಲಿನ ಹಗ್ಗ ಗಟ್ಟಿಯಿದೆಯೇ ಎಂದು ಇನ್ನೊಂದು ದಿನ. ಗಟ್ಟಿಯಾಗಿದ್ದ ಹಗ್ಗವನ್ನೇ ಬಿಚ್ಚಿ ಕಟ್ಟಿ, ಆ ಹೊತ್ತಿಗೆ ನಾಲ್ಕು ಮಾತಾಡಿ ಹೋಗುತ್ತಿದ್ದ. ಅಳುವ ಕೂಸೊಂದು ಅವನ ಷರ್ಟಿನ ಮೇಲೆ ಉಚ್ಚೆ ಹೊಯ್ದಾಗ ಯಮುನ ನಕ್ಕಳು. ಹೀಗೆ ನಕ್ಕು ಅವಳಿಗೆ ವರ್ಷವಾಗಿತ್ತು.

ಎಲ್ಲ ಗೊತ್ತಿದ್ದೂ ಕೇಳುವುದಿಲ್ಲವಲ್ಲ... ಇಂಥ ಗಂಡಸೂ ಇರುತ್ತಾನೆಯೇ?

ಅವನು ಬಾರದ ದಿನ ಅವಳು ಎರಡೆರಡು ಸಲ ಬಾಗಿಲಿಗೆ ಹೋಗಿ ದಾರಿ ನೋಡುತ್ತಿದ್ದಳು. ಹುತ್ತರಿ ಹಬ್ಬ ಕಳೆದ ಮೊದಲ ಆದಿತ್ಯವಾರ ದೇರಪ್ಪನ ಸೋದರತ್ತೆ ಹುಚ್ಚಮ್ಮ ಹೆಣ್ಣು ಕೇಳಲು ಮನೆಗೇ ಬಂದಾಗ, ಯಮುನ ಅಡುಗೆಮನೆಯಲ್ಲಿ ಗೋಡೆಗೆ ಒರಗಿ ನಿಂತು ತನ್ನ ಎದೆಬಡಿತವನ್ನೇ ಕೇಳಿಸಿಕೊಂಡಳು.

ಬುಧವಾರ, ಅಂಗಡಿಯವನು ಒಪ್ಪಿಗೆಗೆಂದು ಎಸ್ಟೇಟಿಗೆ ಕಳಿಸಿದ್ದ ನಾಲ್ಕನೆಯ ಚೀಟಿ ಪಾಸಾಗದೆ ಅವಳ ಕೈಗೇ ವಾಪಸು ಬಂತು. ಮಾತ್ರೆಯ ಹೆಸರಿನ ಮೇಲೆ ಕೆಂಪು ಶಾಯಿಯಲ್ಲಿ ಗೀಟು. ಪಕ್ಕದಲ್ಲಿ ದೇರಪ್ಪನ ದುಂಡು ಅಕ್ಷರ: ಇನ್ನು ಬೇಡ.

*

ಅವಳು ನೇರ ಕಾಫಿ ಒಣಗಿಸುವ ಕಣಕ್ಕೆ ಹೋದಳು. ಹಗಲು ಹನ್ನೊಂದು ಗಂಟೆ. ಸುತ್ತ ಹಣ್ಣು ಹರಡುವ ಹೆಂಗಸರು.

"ಈ ಗೀಟು ಎಳ್ದದ್ದು ಯಾರು, ರೈಟ್ರೆ?"

ಅವನು ಅವಳನ್ನು ಕಣದ ಅಂಚಿಗೆ ಕರೆದು ದನಿ ತಗ್ಗಿಸಿದ. "ಇನ್ನು ಅದು ಎಂತಕ್ಕೆ? ಮನೇಲಿ ನಮ್ಮ ಮದುವೆ ಮಾತು ನಡೀತುಟ್ಟಲ್ಲ."

"ಅದಕ್ಕೂ ಇದಕ್ಕೂ ಎಂತ?"

"ಯಮುನ, ಹಿಂದೆ ಯಾರಿದ್ದ, ಎಂತ ಆತ್, ನಾ ಕೇಳೂದಿಲ್ಲೆ. ಅದನ್ನೆಲ್ಲ ನಾ ಯಾವಾಗಲೋ ಕ್ಷಮಿಸಿಬಿಟ್ಟೆ."

ಅವನು ಅದನ್ನು ಪ್ರೀತಿಯಿಂದಲೇ ಹೇಳಿದ. ದೊಡ್ಡ ಮನಸ್ಸು ಮಾಡಿ, ಕಣ್ಣಲ್ಲಿ ಕಣ್ಣಿಟ್ಟು ಹೇಳಿದ. ಅದೇ ಅವಳನ್ನು ಸುಟ್ಟಿತು. ತಪ್ಪು ಮಾಡದವಳಿಗೆ ಕೊಡುವ ಕ್ಷಮೆಗಿಂತ ಹೊಲಸು ಬೈಗುಳ ಇನ್ನೊಂದಿಲ್ಲ.

ಮೂರು ತಿಂಗಳು ಅವನು ಏನೂ ಕೇಳದೆ ಇದ್ದದ್ದು ನಂಬಿಕೆಯಿಂದ ಎಂದುಕೊಂಡಿದ್ದಳು. ಅಲ್ಲ... ಆಗಲೇ ತೀರ್ಪು ಬರೆದಾಗಿತ್ತು!

ನಿಜ ಹೇಳಿಬಿಡಲೇ? ನಾಲಿಗೆಯ ತುದಿಗೆ ಬಂತು. ಆದರೆ ಇವನು ರೈಟರು. ಸುಳ್ಳು ಚೀಟಿ ಎಂದು ಗೊತ್ತಾದರೆ ಅವಳ ಕೆಲಸ ಹೋಗುತ್ತದೆ, ಸುದ್ದಿ ಕೂಸಪ್ಪನ ಅಂಗಳಕ್ಕೆ ಮುಟ್ಟುತ್ತದೆ.

"ನಿಮ್ಮ ಅತ್ತೆಗೆ ಹೇಳಿ," ಎಂದಳು. "ಇನ್ನು ನಮ್ಮ ಮನೆ ಮೆಟ್ಲು ಹತ್ತೂದು ಬೇಡಾಂತ."

*

ಪೂರ್ತಿ ಬೆಲೆಗೆ ಕೈಯಲ್ಲಿ ದುಡ್ಡಿರಲಿಲ್ಲ. ಸಂಬಳ ಬರುವವರೆಗೆ ಹೇಗಾದರೂ ತಡೆಯಬೇಕೆಂದು ಹೇಳಲು ಯಮುನ ಸಂಜೆಗೆ ಮುಂಚೆಯೇ ಅಕ್ಕನ ಮನೆಗೆ ಹೋದಳು. ಕೂಸಪ್ಪ ಗದ್ದೆಯಲ್ಲಿದ್ದ.

ಬೊಳ್ಳಮ್ಮ ಬೇಸರ ಮಾಡಿಕೊಳ್ಳಲಿಲ್ಲ. ನಗುತ್ತಾ ಅಕ್ಕಿಯ ಮಡಕೆಗೆ ಕೈ ಹಾಕಿ ಮಾತ್ರೆಯ ಮೂರು ಪಟ್ಟಿ ತೆಗೆದಳು.

"ಹೆದರ್‌ಬೇಡ. ಇನ್ನೂ ಸುಮಾರು ಉಟ್ಟು."

ಯಮುನ ಎಣಿಸಿದಳು. ದಿನಕ್ಕೊಂದರಂತೆ ಎಂದೋ ಮುಗಿಯಬೇಕಿದ್ದ ಮಾತ್ರೆ ಮುಕ್ಕಾಲು ಪಾಲು ಹಾಗೆಯೇ ಇತ್ತು.

"ಅಕ್ಕ... ಇದೆಂತ?"

"ಸಂತೆ ದಿನ ಮಾತ್ರ ತಿಂತೆ. ಶುಕ್ರವಾರ ಸಂತೆಗೆ ಹೋಗಿ ಕುಡ್ದ್ ಬಂದ ದಿನವೇ ಅಲ್ಲ ಅವರು ಹತ್ರ ಬರೂದು? ಉಳ್ದ ದಿನ ತಿಂದ್ ದಂಡ ಎಂತಕ್ಕೆ? ನೀ ಪಾಪ, ಅಷ್ಟು ಕಷ್ಟಪಟ್ಟು ತರ್ತೀಯ."

ಜ್ವರದ ಮಾತ್ರೆಯನ್ನು ಜ್ವರ ಬಂದ ದಿನ ನುಂಗುವುದಿಲ್ಲವೇ? ಹಾಗೆಯೇ ಎಂದುಕೊಂಡಿದ್ದಳು ಆ ಮುಗ್ಧೆ. ತಂಗಿಯ ದುಡ್ಡು ಉಳಿಸುತ್ತಿದ್ದೇನೆ ಎಂಬ ಹೆಮ್ಮೆ ಅವಳ ಮುಖದ ಮೇಲಿತ್ತು.

ಯಮುನ ಪಟ್ಟಿಗಳನ್ನು ಕೆಳಗಿಟ್ಟಳು. "ಈ ತಿಂಗಳು ಹೊರಗಾದೆಯ?"

ಬೊಳ್ಳಮ್ಮನ ನಗು ನಿಂತಿತು. ಒಲೆಯ ಕಡೆ ತಿರುಗಿ, ಹನ್ನೊಂದು ದಿನ ಮೇಲಾಯಿತು ಎಂದು ಮೆಲ್ಲಗೆ ಹೇಳಿದಳು.

ಮರುದಿನ ಡಾಕ್ಟರಮ್ಮ ನೋಡಿದರು. ಇಷ್ಟು ಬೇಗ ಏನೂ ಹೇಳಲಾಗದು, ಕಾಯಬೇಕು ಎಂದರು. ಮುಟ್ಟಾದರೆ ಆಮೇಲೆ ಒಂದು ದಿನವೂ ಬಿಡದೆ ಮಾತ್ರೆ ತಿನ್ನಬೇಕು. ಆಗದಿದ್ದರೆ...

*

ಶುಕ್ರವಾರ ಬೆಳಗ್ಗೆ ಆಫೀಸಿನ ಕಿಟಕಿಯ ಮುಂದೆ ಕಾಫಿ ಹಣ್ಣು ಕೊಯ್ಯುವ ಪಿಕ್ಕಿಂಗಿನ ಹೆಂಗಸರು ಸಾಲು ನಿಂತಿದ್ದರು. ಒಳಗೆ ದೇರಪ್ಪ ಹೆಸರು ಬರೆಯುತ್ತಿದ್ದ. ಯಮುನ ಸಾಲಿನಲ್ಲೇ ನಿಂತು ಕಿಟಕಿಗೆ ಬಂದಳು.

ಅವನು ತಲೆ ಎತ್ತಿದ. ಎರಡು ದಿನದಿಂದ ನಿದ್ದೆ ಕಾಣದ ಕಣ್ಣು.

"ನಿಮ್ಮ ಗೀಟು ಬಿದ್ದದ್ದು ನನ್ನ ಮೇಲೆ ಅಲ್ಲ," ಎಂದಳು, ಹಿಂದಿನವರಿಗೆ ಕೇಳದಷ್ಟು ಮೆಲ್ಲಗೆ. "ನನ್ನ ಅಕ್ಕನ ಮೇಲೆ."

ಎಲ್ಲವನ್ನೂ ಹೇಳಿದಳು. ಚಾಪೆ, ವಂಕಿ, ಕತ್ತಿ, ಸಂತೆ ದಿನದ ಮಾತ್ರೆ. ಕಣ್ಣೀರು ಬಂತು, ಒರೆಸಿಕೊಳ್ಳಲಿಲ್ಲ. ಹಿಂದೆ ನಿಂತಿದ್ದ ಚೋಮಿ ಬುಟ್ಟಿಯಿಂದ ಅವಳ ಬೆನ್ನಿಗೆ ತಿವಿದು, "ಲಗ್ನದ ಮಾತು ಸಂಜೆ ಆಡಿ ಯಮುನಕ್ಕ, ನಮ್ಗೆ ಬಿಸಿಲೇರ್ತು," ಎಂದಾಗ ಸಾಲಿಗೆ ಸಾಲೇ ನಕ್ಕಿತು. ಕಿಟಕಿಯ ಎರಡು ಕಡೆಯ ಇಬ್ಬರು ಮಾತ್ರ ನಗಲಿಲ್ಲ.

"ಸುಳ್ಳು ಚೀಟಿ ಬರೆಸಿದ್ದು ನಾನು. ಮೂರು ಬಿಲ್ಲಿನ ದುಡ್ಡು ನನ್ನ ಸಂಬಳದಲ್ಲಿ ಹಿಡೀರಿ. ಕೆಲಸದಿಂದ ತೆಗೀರಿ. ಆದ್ರೆ ಅವಳಿಗೆ ಮಾತ್ರೆ ನಿಲ್ಬಾರ್ದು. ಅದಕ್ಕೊಂದು ದಾರಿ ಹೇಳಿ."

ದೇರಪ್ಪನ ಪೆನ್ನು ಕಾಗದದ ಮೇಲೆ ಒಂದೇ ಕಡೆ ನಿಂತು ಶಾಯಿ ಹರಡುತ್ತಿತ್ತು. ಅವನು ಚೆಕ್‌ರೋಲಿನ ಹೊಸ ಸಾಲಿನಲ್ಲಿ ಒಂದು ಹೆಸರು ಬರೆದು ಅವಳ ಕಡೆಗೆ ತಿರುಗಿಸಿದ.

ಬೊಳ್ಳಮ್ಮ. ಆಯಾ.

ಪಿಕ್ಕಿಂಗ್ ಶುರುವಾಗಿ ಶೆಡ್ಡಿನಲ್ಲಿ ಕೂಸುಗಳು ಹೆಚ್ಚಾಗಿವೆ, ಇನ್ನೊಬ್ಬ ಆಯಾ ಬೇಕೆಂದು ಮ್ಯಾನೇಜರರೇ ಹೇಳಿದ್ದಾರೆ ಎಂದ. ಇನ್ನು ಚೀಟಿ ಅಕ್ಕನದೇ ಹೆಸರಿನಲ್ಲಿ ಬರಲಿ, ಸುಳ್ಳು ಬೇಡ. ಮೂರು ಬಿಲ್ಲಿನದು ಯಮುನಳ ಸಂಬಳದಲ್ಲಿ ಹಿಡಿಯುತ್ತೇನೆ, ಮ್ಯಾನೇಜರರಿಗೆ ತಾನೇ ಹೇಳುತ್ತೇನೆ ಎಂದ.

"ಭಾವ ಕಳ್ಸೂದಿಲ್ಲ."

"ಕೂಲಿ ಎಷ್ಟು ಅಂತ ಹೇಳಿ. ಕಳಿಸ್ತಾರೆ."

ಅವನು ಹೇಳಿದ್ದು ಸರಿಯಾಗಿತ್ತು. ಮಾತ್ರೆಯ ಹೆಸರೆತ್ತಿದರೆ ಕತ್ತಿ ಹಿಡಿಯುತ್ತಿದ್ದ ಕೂಸಪ್ಪ, ಕೂಲಿ ಎಂದೊಡನೆ ಹೆಂಡತಿಗೆ ತಾನೇ ಕೊಡೆ ಹುಡುಕಿಕೊಟ್ಟ.

*

ಆಮೇಲಿನ ಐದು ದಿನ ಯಮುನ ಅಕ್ಕನ ಮುಖವನ್ನೇ ಕಾಯುತ್ತಿದ್ದಳು. ಬೊಳ್ಳಮ್ಮ ತೊಟ್ಟಿಲು ತೂಗುತ್ತಿದ್ದಳು, ತಂಗಿ ಕಣ್ಣಲ್ಲೇ ಕೇಳುತ್ತಿದ್ದಳು, ಅಕ್ಕ ತಲೆಯಾಡಿಸುತ್ತಿದ್ದಳು. ಇಲ್ಲ. ಇನ್ನೂ ಇಲ್ಲ.

ದೇರಪ್ಪ ಶೆಡ್ಡಿನ ಕಡೆ ಸುಳಿಯಲಿಲ್ಲ. ಬರದಿದ್ದರೇ ಒಳ್ಳೆಯದು ಎಂದುಕೊಂಡಳು. ಮತ್ತೆ ಬಾಗಿಲಿಗೆ ಹೋಗಿ ನೋಡಿದಳು.

ಆರನೆಯ ದಿನ ಮಧ್ಯಾಹ್ನ ಬೊಳ್ಳಮ್ಮ ಹಿತ್ತಲಿಂದ ಬಂದವಳು ಗೋಡೆ ಹಿಡಿದು ಕುಸಿದು ಕುಳಿತಳು. ಯಮುನ ಓಡಿದಳು.

"ಹೊರಗಾದೆ," ಎಂದಳು ಬೊಳ್ಳಮ್ಮ. "ಯಮುನ, ನಾ ಹೊರಗಾದೆ..."

ಅಕ್ಕತಂಗಿಯರು ಒಬ್ಬರನ್ನೊಬ್ಬರು ತಬ್ಬಿಕೊಂಡು ಅತ್ತ ರಭಸಕ್ಕೆ ಶೆಡ್ಡಿನ ಕೂಸುಗಳೆಲ್ಲ ಎದ್ದು ಜೊತೆಗೆ ಅತ್ತವು. ಆ ಗದ್ದಲ ಕೇಳಿ ಓಡಿಬಂದ ದೇರಪ್ಪ ಬಾಗಿಲಲ್ಲಿ ನಿಂತುಬಿಟ್ಟ. ಬೊಳ್ಳಮ್ಮ ಅವನನ್ನು ನೋಡಿ, ಕಣ್ಣೊರೆಸಿಕೊಂಡು, ಎರಡು ಕೂಸುಗಳನ್ನು ಸೊಂಟಕ್ಕೇರಿಸಿ ಹೊರಗೆ ಹೋದಳು.

"ಅಕ್ಕ ಬಚಾವಾದಳು," ಎಂದಳು ಯಮುನ.

ಅವನು ತಲೆಯಾಡಿಸಿದ. ಒಳಗೆ ಕಾಲಿಡಲಿಲ್ಲ.

"ಕ್ಷಮಿಸಿದೆ ಅಂದಿದ್ದೆ ನಾ. ಯಾವ ಬಾಯಲ್ಲಿ ಅಂದೆ ಅಂತ ನಂಗೇ ಗೊತ್ಲೆ. ಈಗ ನಾ ಕ್ಷಮೆ ಕೇಳೂಕೂ ಬಾಯಿಲ್ಲೆ."

ಯಮುನ ಒಂದು ತೊಟ್ಟಿಲಿನ ಹಗ್ಗ ಹಿಡಿದು ತೂಗಿದಳು. ಸಿಟ್ಟು ಹೋಗಿರಲಿಲ್ಲ. ಆದರೆ ಅಕ್ಕನ ಮಾತ್ರೆಗೆ ಸುಳ್ಳಿಲ್ಲದ ದಾರಿ ಹುಡುಕಿದ್ದೂ ಇವನೇ.

"ಮೂರು ತಿಂಗಳು ನಂಗೊಬ್ಬ ಗಂಡಸನ್ನ ನಿಮ್ಮ ಮನಸ್ಸಲ್ಲೇ ಕಟ್ಟಿದ್ರಲ್ಲ. ಅವ ಹೇಗಿದ್ದ?"

ಅವನು ನೆಲ ನೋಡಿದ. "ನನ್ನಿಂದ ಚೆಂದ ಇದ್ದ. ದಿನಾ ಅವನ ಹತ್ರ ಜಗಳ ಆಡ್ತಿದ್ದೆ."

ತಡೆದರೂ ಅವಳಿಗೆ ನಗು ಬಂತು. ನಗುವಿನ ಹಿಂದೆಯೇ ಕಣ್ಣು ತುಂಬಿತು.

"ಕೇಳಿ. ನಂಗೆ ಮಕ್ಕ ಯಾವಾಗ ಬೇಕು, ಎಷ್ಟು ಬೇಕು ಅಂತ ಹೇಳೂದು ನಾನು. ನಿಮ್ಮ ಅಮ್ಮ ಅಲ್ಲ. ನಿಮ್ಮ ಅತ್ತೆ ಅಲ್ಲ."

"ನಾನು?"

"ನೀವು ಕೇಳ್ಬಹುದು."

"ಕೇಳ್ತೆ," ಎಂದ ಅವನು. "ಬೇಡ ಅಂದ್ರೆ, ಬೇಡ."

"ಅದಕ್ಕೂ ಮುಂಚೆ ಕೇಳ್ಬೇಕಾದ್ದು ಒಂದುಟ್ಟು. ಅತ್ತೇನ ಕಳಿಸಿದ್ರಿ, ಗೀಟು ಎಳೆದ್ರಿ. ನನ್ನನ್ನ ಮಾತ್ರ ನೀವು ಇನ್ನೂ ಕೇಳೇ ಇಲ್ಲೆ."

ದೇರಪ್ಪ ಆಗ ಹೊಸ್ತಿಲು ದಾಟಿ ಒಳಗೆ ಬಂದ. ಅಳುತ್ತಿದ್ದ ಒಂದು ಕೂಸನ್ನು ಎತ್ತಿ ಹೆಗಲಿಗೆ ಹಾಕಿಕೊಂಡು, ಅದು ಸುಮ್ಮನಾಗುವವರೆಗೆ ಕಾದು, ಮೆಲ್ಲಗೆ ಕೇಳಿದ:

"ಯಮುನ, ನನ್ನ ಮದುವೆ ಆಗ್ತೀರ?"

"ಹೂಂ," ಎಂದಳು ಅವಳು. "ಕೂಸಿನ ತಲೆಗೆ ಕೈ ಕೊಡಿ. ಬೀಳ್ತದೆ."